ಉಣಿಸಿದ ಕೈಯೇ ಭರವಸೆ

ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರ ಕ್ರೈಸ್ತರಿಗೆ ಆಗಮನ ಕಾಲ. ವಾರಕ್ಕೊಂದು ಮೇಣದಬತ್ತಿ ಹಚ್ಚಿ ಕಾಯುವ ಕಾಲ. ಕಾಯೋದು ಅಂದರೆ ಕೈಕಟ್ಟಿ ಕೂರೋದೇ?

2020ರ ಆಗಮನ ಕಾಲ ನೆನಪಿಸಿಕೊಳ್ಳಿ. ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟನ್ನು ಹಿಂದೆ ನಡೆಸಿದ್ದ, ಜಾರ್ಖಂಡಿನ ಆದಿವಾಸಿಗಳ ಜಮೀನಿನ ಹಕ್ಕಿಗೆ ದನಿಯಾಗಿದ್ದ ಪಾದ್ರಿ ಸ್ಟ್ಯಾನ್ ಸ್ವಾಮಿ ಆಗ ತಲೋಜಾ ಜೈಲಿನಲ್ಲಿದ್ದರು. ಭೀಮಾ ಕೋರೆಗಾಂವ್ ಕೇಸು. ವಯಸ್ಸು 83. ಪಾರ್ಕಿನ್ಸನ್ ಕಾಯಿಲೆ, ಲೋಟ ಹಿಡಿದರೆ ಕೈ ನಡುಕ. ನವೆಂಬರ್ 6ರಂದು ಕೋರ್ಟಿಗೆ ಕೇಳಿದ್ದು ಏನು? ನೀರು ಹೀರಲು ಒಂದು ಸ್ಟ್ರಾ, ಒಂದು ಸಿಪ್ಪರ್ ಲೋಟ! ಉತ್ತರ ಹೇಳೋಕೆ ಎನ್‌ಐಎ ಕೇಳಿದ ಗಡುವು 20 ದಿನ. ಬೀದಿ ಬದಿಯ ಎಳನೀರಿನವನು ಪುಕ್ಕಟೆ ಕೊಡೋ ಸ್ಟ್ರಾಗೆ ಇಷ್ಟು ದರ್ಬಾರು!

ಆದರೆ ಜೊತೆಯ ಕೈದಿಗಳು ಗಡುವು ಕೇಳಲಿಲ್ಲ. ಊಟ ಮಾಡಿಸಿದರು, ಸ್ನಾನಕ್ಕೆ ನೆರವಾದರು, ಬಟ್ಟೆ ಒಗೆದರು. ಹೀಗಂತ ಪಾದ್ರಿಯೇ ಪತ್ರ ಬರೆದರು.

2021ರ ಜುಲೈ 5ರಂದು ಅವರು ತೀರಿಕೊಂಡರು. ವಿಚಾರಣೆ ಶುರುವಾಗಿರಲಿಲ್ಲ, ಜಾಮೀನೂ ಸಿಗಲಿಲ್ಲ. ಹಾಗಾದರೆ ಭರವಸೆ ಸೋತಿತೇ? ಇಲ್ಲ ಸ್ವಾಮಿ. ಬೈಬಲ್ಲಿನ ಕಥೆಯಲ್ಲೂ ಚಕ್ರವರ್ತಿಯ ಹುಕುಂ ರೋಮಿನದು, ಮಗು ಹುಟ್ಟಿದ್ದು ದನ ಮೇಯುವ ಗೋದಲಿಯ ಪಕ್ಕ. ಅರಮನೆ ಬಾಗಿಲು ತೆರೆಯಲಿ ಅಂತ ಕಾಯೋದಷ್ಟೇ ಅಲ್ಲ. ತೆರೆಯೋತನಕ ಪಕ್ಕದವನಿಗೆ ತುತ್ತು ಕೊಡೋದು. ಆಗಮನ ಅಂದರೆ ಅದೇ.