ಮನೆಯೂ ಶಾಲೆಯೂ: ಪ್ರೌಢಶಾಲೆಯ ಮಂದಿಯ ಪರಿಚಯ

ಮೃಗಶಿರಾ ಮಳೆ ಹಿಡಿಯುವ ಹೊತ್ತಿಗೆ ನಮ್ಮ ಕಡೆಯ ಮನೆಗಳಲ್ಲಿ ಎರಡು ಚಿಂತೆಗಳು ಒಟ್ಟಿಗೆ ತಲೆದೋರುವುವು. ಒಂದು ಬಿತ್ತನೆಯದು, ಇನ್ನೊಂದು ಮಕ್ಕಳ ಶಾಲೆಯದು. ಬಿತ್ತನೆಯ ವಿಷಯದಲ್ಲಿ ಗೃಹಸ್ಥನು ಬಹಳ ಎಚ್ಚರದವನು. ಬೀಜ ಎಲ್ಲಿಯದು, ಎತ್ತು ಯಾರವು, ಕೂರಿಗೆ ಹಿಡಿಯುವವನ ಕೈ ಎಂಥದು ಎಂದು ಹತ್ತು ಸಲ ವಿಚಾರಿಸುವನು. ಆದರೆ ಏಳನೆಯ ತರಗತಿ ಮುಗಿಸಿದ ಮಗನನ್ನೋ ಮಗಳನ್ನೋ ಎಂಟನೆಯದಕ್ಕೆ ಸೇರಿಸುವಾಗ, ಮುಂದಿನ ಮೂರು ವರ್ಷ ಆ ಮಗು ಯಾರ ಯಾರ ಕೈಯಲ್ಲಿ ಬೆಳೆಯುವುದೆಂದು ವಿಚಾರಿಸುವವರು ವಿರಳ. ಆದುದರಿಂದ ಈ ತಿಂಗಳು ನಮ್ಮ ವಾಚಕರಿಗೆ ಒಂದು ಸಣ್ಣ ಪ್ರೌಢಶಾಲೆಯ ಮಂದಿಯನ್ನು ಪರಿಚಯಿಸಬೇಕೆಂದು ಸಂಕಲ್ಪಿಸಿದ್ದೇವೆ. ವ್ಯಕ್ತಿಗಳ ಹೆಸರು ಊರಿಂದೂರಿಗೆ ಬೇರೆಯಾದೀತು. ಅವರವರ ಸ್ಥಾನ ಮತ್ತು ಕರ್ತವ್ಯಗಳು ಎಲ್ಲೆಡೆಯೂ ಒಂದೇ.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಮೂರು ಬಗೆಯ ಪ್ರೌಢಶಾಲೆಗಳುಂಟು. ಸರಕಾರವೇ ನಡೆಸುವವು ಮೊದಲನೆಯ ಬಗೆ. ಪೋಷಕರ ಶುಲ್ಕದಿಂದಲೇ ನಡೆಯುವವು ಎರಡನೆಯವು. ಇವೆರಡರ ನಡುವೆ ಅನುದಾನಿತ ಶಾಲೆಗಳಿವೆ. ಇವನ್ನು ಊರಿನ ಒಂದು ಸಂಘವೋ ಮಠವೋ ಟ್ರಸ್ಟೋ ಸ್ಥಾಪಿಸಿರುವುದು. ಕಟ್ಟಡವೂ ಆಡಳಿತವೂ ಆ ಸಂಸ್ಥೆಯದು. ಒಪ್ಪಿಗೆ ಪಡೆದ ಹುದ್ದೆಗಳ ಸಂಬಳ ಮಾತ್ರ ಸರಕಾರದ ಬೊಕ್ಕಸದಿಂದ ಬರುವುದು. ಹಣ ಸಾರ್ವಜನಿಕರದು, ಹೊಣೆ ಒಂದು ಮಂಡಳಿಯದು ಎಂಬ ಈ ಏರ್ಪಾಡು ನಮ್ಮಲ್ಲಿ ಹಳೆಯದು. ಅಮೆರಿಕದ ಮಿನೆಸೋಟಾ ರಾಜ್ಯದವರು 1991ರಲ್ಲಿ ಕಾಯಿದೆ ಮಾಡಿ, ಮರುವರ್ಷ ಸೇಂಟ್ ಪಾಲ್ ನಗರದಲ್ಲಿ ‘ಚಾರ್ಟರ್ ಶಾಲೆ’ ಎಂಬುದನ್ನು ತೆರೆದರು. ಸರಕಾರದ ಹಣದಿಂದ, ಸ್ವಂತ ಆಡಳಿತ ಮಂಡಳಿಯ ಕೈಯಲ್ಲಿ, ಗೊತ್ತಾದ ಕರಾರಿನ ಮೇಲೆ ಅದು ನಡೆಯತಕ್ಕದ್ದು. ಅಲ್ಲಿಯವರು ಹೊಸದೆಂದು ಕೊಂಡಾಡಿದ ಆ ಪದ್ಧತಿಗೆ ನಮ್ಮ ಅನುದಾನಿತ ಶಾಲೆಯು ಬಹುಮಟ್ಟಿಗೆ ಅಕ್ಕನೆನ್ನಬಹುದು.

ಇಂಥ ಶಾಲೆಗಳು ನಮ್ಮ ಸೀಮೆಯಲ್ಲಿ ಏಕೆ ಹುಟ್ಟಿದುವೆಂಬುದನ್ನು ಅರಿಯಲು ತುಸು ಹಿಂದಕ್ಕೆ ನೋಡಬೇಕು. 1948ರ ಸೆಪ್ಟೆಂಬರ್ 17ರವರೆಗೆ ಈ ನಾಡು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಕೊಪ್ಪಳವು ಸಾಲಾರಜಂಗರ ಜಹಗೀರಾಗಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಉರ್ದುವೇ ಬೋಧನೆಯ ಭಾಷೆ. ಆದುದರಿಂದ ಮೇಲಿನ ತರಗತಿಗಳಲ್ಲೆಲ್ಲ ಉರ್ದುವಿನದೇ ಮೇಲುಗೈ. ಮನೆಯಲ್ಲಿ ಕನ್ನಡವಾಡುವ ಹುಡುಗನು ಶಾಲೆಯಲ್ಲಿ ಬೇರೊಂದು ನುಡಿಯಲ್ಲಿ ಲೆಕ್ಕವನ್ನೂ ಚರಿತ್ರೆಯನ್ನೂ ಕಲಿಯಬೇಕಾಗಿತ್ತು. ಯಲಬುರ್ಗಾ ತಾಲ್ಲೂಕಾಗಿದ್ದ ಭಾಗದ ದ್ಯಾಂಪುರದಲ್ಲಿ 1918ರಲ್ಲಿ ಜನಿಸಿದ ಸಿದ್ಧಯ್ಯ ಪುರಾಣಿಕರು ಹೆಚ್ಚಿನ ವಿದ್ಯೆಗಾಗಿ ಊರು ಬಿಟ್ಟು ದೂರ ಹೋಗಬೇಕಾಯಿತು. ಮುಂದೆ ಅವರು ದೊಡ್ಡ ಅಧಿಕಾರಿಗಳಾದರು, ‘ಕಾವ್ಯಾನಂದ’ರೆಂದು ಕನ್ನಡದಲ್ಲಿ ಕೀರ್ತಿ ಪಡೆದರು. ಆದರೆ ಹಾಗೆ ಹೋಗಲಾರದೆ ಊರಲ್ಲೇ ಉಳಿದ ಮಕ್ಕಳೆಷ್ಟೋ! ಅಂಥವರಿಗಾಗಿಯೇ ಅಲ್ಲಲ್ಲಿ ಹಿರಿಯರು ಶಾಲೆಗಳನ್ನು ಕಟ್ಟಿದರು. ಕಲಬುರ್ಗಿಯಲ್ಲಿ 1907ರಲ್ಲಿ ನೂತನ ವಿದ್ಯಾಲಯವು ಹುಟ್ಟಿತು. ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್‌ದರ್ದ್ ಶಾಲೆಯನ್ನು ತೆರೆದರು. ನಮ್ಮ ಕುಕನೂರಿನಲ್ಲಿ ವಿದ್ಯಾನಂದ ಗುರುಕುಲವು ತಲೆಯೆತ್ತಿತು. ಕೊಪ್ಪಳದ ಗವಿಮಠದ ಆಶ್ರಯದಲ್ಲಿ ಬೆಳೆದ ಶ್ರೀ ಗವಿಸಿದ್ಧೇಶ್ವರ ವಿದ್ಯಾವರ್ಧಕ ಟ್ರಸ್ಟಿನ ಶಾಲೆ ಕಾಲೇಜುಗಳು, ಮಠದ ಉಚಿತ ಊಟ ವಸತಿಗಳು ಇಂದಿಗೂ ಬಡಮಕ್ಕಳಿಗೆ ಆಧಾರವಾಗಿವೆ. ಈ ಶಾಲೆಗಳ ಬುಡದಲ್ಲಿ ಊರವರ ಕಾಳು, ಊರವರ ಕಾಸು ಇರುವುದೆಂಬುದನ್ನು ಮರೆಯಲಾಗದು.

ಈಗ ಮಂದಿಯ ಪರಿಚಯಕ್ಕೆ ಬರೋಣ. ಮೊದಲು ಆಡಳಿತ ಮಂಡಳಿ. ಇದರಲ್ಲಿ ಅಧ್ಯಕ್ಷರು, ಕಾರ್ಯದರ್ಶಿಗಳು, ಕೋಶಾಧ್ಯಕ್ಷರು, ಕೆಲವು ಮಂದಿ ಸದಸ್ಯರು ಇರುವರು. ಸಾಮಾನ್ಯವಾಗಿ ಇವರು ಊರಿನ ವರ್ತಕರು, ರೈತರು, ವಕೀಲರು, ನಿವೃತ್ತ ಉಪಾಧ್ಯಾಯರು. ಇವರಿಗೆ ಸಂಬಳವಿಲ್ಲ. ಕಟ್ಟಡ, ನೀರು, ಬೆಂಚು, ಶೌಚಾಲಯ, ಪ್ರಯೋಗಶಾಲೆ ಇವೆಲ್ಲದರ ಹೊಣೆ ಇವರದು. ಅನುದಾನದ ಹುದ್ದೆಯಲ್ಲಿದ್ದ ಉಪಾಧ್ಯಾಯರು ನಿವೃತ್ತರಾದರೆ ಆ ಸ್ಥಾನವನ್ನು ಸರಕಾರದ ಅಪ್ಪಣೆಯಿಲ್ಲದೆ ತುಂಬಲಾಗದು. ಅಪ್ಪಣೆ ಬರುವವರೆಗೆ ಮಂಡಳಿಯೇ ತನ್ನ ಕೈಯಿಂದ ಗೌರವಧನ ಕೊಟ್ಟು ಒಬ್ಬರನ್ನು ಇಟ್ಟುಕೊಳ್ಳಬೇಕು. ಇಲ್ಲವಾದರೆ ಮಕ್ಕಳು ಗಣಿತವಿಲ್ಲದೆಯೋ ಇಂಗ್ಲಿಷಿಲ್ಲದೆಯೋ ವರ್ಷ ಕಳೆಯಬೇಕು. ಮಂಡಳಿಯ ಯೋಗ್ಯತೆ ಬೆಳಗುವುದು ಇಂಥ ಸಮಯದಲ್ಲಿಯೇ. ವಾರ್ಷಿಕೋತ್ಸವದ ವೇದಿಕೆಯ ಮೇಲೆ ಕುಳಿತುಕೊಳ್ಳುವ ಸದಸ್ಯರು ಎಲ್ಲೆಲ್ಲಿಯೂ ಸಿಗುವರು. ಖಾಲಿ ಹುದ್ದೆಯ ಕಾಗದ ಹಿಡಿದು ಕಚೇರಿಯಿಂದ ಕಚೇರಿಗೆ ಅಲೆಯುವ ಕಾರ್ಯದರ್ಶಿಯೊಬ್ಬನಿದ್ದರೆ ಆ ಶಾಲೆ ಬದುಕಿತೆಂದೇ ತಿಳಿಯಿರಿ.

ಎರಡನೆಯವರು ಮುಖ್ಯೋಪಾಧ್ಯಾಯರು. ಮಂಡಳಿಗೂ ಸರಕಾರಕ್ಕೂ, ಉಪಾಧ್ಯಾಯರಿಗೂ ಪೋಷಕರಿಗೂ ನಡುವೆ ನಿಂತವರು ಇವರೇ. ವೇಳಾಪಟ್ಟಿ, ದಾಖಲಾತಿ, ಹಾಜರಿ, ಬಿಸಿಯೂಟದ ಲೆಕ್ಕ, ಪರೀಕ್ಷೆಯ ಅರ್ಜಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಬರೆಯುವ ವರದಿ ಎಲ್ಲವೂ ಇವರ ಮೇಜಿನ ಮೇಲೆಯೇ. ಇಷ್ಟರ ಮೇಲೆ ಸಣ್ಣ ಶಾಲೆಯಲ್ಲಿ ಒಂದು ವಿಷಯವನ್ನು ಇವರೇ ಕಲಿಸುವುದುಂಟು. ಇವರನ್ನು ಕಾಣಲು ಹೋಗುವ ಗೃಹಸ್ಥರು ಮುಂಜಾನೆಯ ಪ್ರಾರ್ಥನೆಯ ಹೊತ್ತನ್ನು ಬಿಟ್ಟು, ಬಿಡುವಿನ ವೇಳೆಯನ್ನು ಕೇಳಿಕೊಂಡು ಹೋದರೆ ಇಬ್ಬರಿಗೂ ಹಿತ.

ಮೂರನೆಯವರು ಉಪಾಧ್ಯಾಯ ವರ್ಗದವರು. ಕನ್ನಡ, ಇಂಗ್ಲಿಷ್, ಹಿಂದಿ, ಗಣಿತ, ವಿಜ್ಞಾನ, ಸಮಾಜವಿಜ್ಞಾನಗಳಿಗೆ ಮಾಸ್ತರರೋ ಅಕ್ಕನವರೋ ಇರುವರು. ಪ್ರಾಥಮಿಕ ಶಾಲೆಯಲ್ಲಿ ಒಬ್ಬರ ಮಡಿಲಲ್ಲಿ ಹಲವು ವಿಷಯ ಕಲಿತ ಮಗುವಿಗೆ ಇಲ್ಲಿ ಗಂಟೆಗೊಂದು ಮುಖ. ಎಂಟನೆಯ ತರಗತಿಯಲ್ಲಿ ಮಕ್ಕಳು ಮಂಕಾಗುವುದಕ್ಕೆ ಇದೂ ಒಂದು ಕಾರಣ. ಆದುದರಿಂದ ತರಗತಿಯ ಉಪಾಧ್ಯಾಯರು ಯಾರೆಂಬುದನ್ನು ತಂದೆತಾಯಿಗಳು ಮೊದಲ ವಾರದಲ್ಲಿಯೇ ತಿಳಿದಿರತಕ್ಕದ್ದು. ಹತ್ತನೆಯ ತರಗತಿಯ ಪರೀಕ್ಷೆಯ ಒಟ್ಟು 625 ಅಂಕಗಳಲ್ಲಿ 125 ಅಂಕಗಳು ಶಾಲೆಯಲ್ಲಿಯೇ ನಡೆಯುವ ಆಂತರಿಕ ಮೌಲ್ಯಮಾಪನಕ್ಕೆ ಮೀಸಲು. ಐದರಲ್ಲಿ ಒಂದು ಪಾಲು ಪರೀಕ್ಷೆಯ ಕೊಠಡಿಯ ಹೊರಗೆ, ದಿನದಿನದ ಕೆಲಸದಿಂದಲೇ ಬರುವುದೆಂದಾಯಿತು. ಮಗು ಶಾಲೆ ತಪ್ಪಿಸಿದರೆ ಹೋಗುವುದು ಪಾಠವಷ್ಟೇ ಅಲ್ಲವೆಂದು ಇದರಿಂದ ತಿಳಿಯಬೇಕು.

ದೈಹಿಕ ಶಿಕ್ಷಕರನ್ನು ‘ಆಟದ ಮಾಸ್ತರ’ರೆಂದು ಹಗುರಾಗಿ ಕಾಣುವ ರೂಢಿಯೊಂದು ನಮ್ಮಲ್ಲುಂಟು. ಇದು ಸರಿಯಲ್ಲ. ಮಗುವಿನ ಉಸಿರು, ಕಣ್ಣು, ನಡಿಗೆ, ನಿತ್ರಾಣಗಳನ್ನು ಮೊದಲು ಗಮನಿಸುವವರು ಅವರೇ. ಮನೆಯಲ್ಲಿ ಬಾಯಿಬಿಡದ ಹುಡುಗನು ಮೈದಾನದಲ್ಲಿ ಅವರೊಡನೆ ಬಾಯಿಬಿಡುವನು.

ನಾಲ್ಕನೆಯವರು ಗುಮಾಸ್ತರು. ಇವರ ಕೋಣೆಗೆ ಪೋಷಕರು ಹೋಗುವುದು ವರ್ಗಾವಣೆ ಪತ್ರ ಬೇಕಾದಾಗ ಮಾತ್ರ. ಆದರೆ ಮಗುವಿನ ಹೆಸರು, ತಂದೆತಾಯಿಗಳ ಹೆಸರು, ಜನ್ಮದಿನಾಂಕಗಳು ಜನ್ಮವಿಡೀ ಉಳಿಯುವುದು ಇವರ ದಾಖಲೆಯ ಪುಸ್ತಕದಲ್ಲಿ. ಒಂದಕ್ಷರ ತಪ್ಪಿ ಹತ್ತನೆಯ ತರಗತಿಯ ಅಂಕಪಟ್ಟಿಗೆ ಇಳಿದರೆ ತಿದ್ದಿಸಲು ಕಚೇರಿಗಳ ಮೆಟ್ಟಿಲು ಸವೆಸಬೇಕಾಗುವುದು. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ 371ಜೆ ವಿಧಿ ಸೇರಿತು. ಅದರಿಂದ ನಮ್ಮ ಭಾಗದವರಿಗೆ ವಿದ್ಯೆಯಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಮೀಸಲು ಸ್ಥಾನ ದೊರೆಯಿತು. ಆ ಹಕ್ಕನ್ನು ಕೇಳಹೋಗುವ ದಿನ ಶಾಲೆಯ ದಾಖಲೆಯು ನೆರವಿಗೆ ಬರಬೇಕಾದರೆ ಅದು ಶುದ್ಧವಾಗಿರಬೇಕು. ಸೇರಿಸುವ ದಿನವೇ ಬರೆದುದನ್ನು ಓದಿಸಿ ಕೇಳಿಕೊಳ್ಳಿರಿ. ಓದು ಬಾರದ ತಾಯಿಯು ಹಾಗೆ ಕೇಳಿದರೆ ಅದರಲ್ಲಿ ನಾಚಿಕೆಯೇನೂ ಇಲ್ಲ.

ಐದನೆಯವರು ಜವಾನರು ಮತ್ತು ಅಡುಗೆಯ ತಾಯಂದಿರು. ಗಂಟೆ ಬಾರಿಸುವವರನ್ನೂ ಕಸ ಗುಡಿಸುವವರನ್ನೂ ಪರಿಚಯದ ಪಟ್ಟಿಯಲ್ಲಿ ಸೇರಿಸುವವರು ಕಡಿಮೆ; ನಾವು ಬೇಕೆಂದೇ ಸೇರಿಸಿದ್ದೇವೆ. ಯಾವ ಮಗು ತಡವಾಗಿ ಬಂತು, ಯಾವುದು ಗೇಟಿನಲ್ಲಿ ಅಳುತ್ತ ನಿಂತಿತ್ತು ಎಂಬುದು ಮೊದಲು ತಿಳಿಯುವುದು ಅವರಿಗೆ. 2002ರಲ್ಲಿ ರಾಜ್ಯದ ಅಕ್ಷರ ದಾಸೋಹವು ಮೊದಲು ಆರಂಭವಾದ ಜಿಲ್ಲೆಗಳಲ್ಲಿ ನಮ್ಮ ಕೊಪ್ಪಳವೂ ಒಂದು. ಮುಂದೆ ಅದು ಪ್ರೌಢಶಾಲೆಗಳಿಗೂ ವ್ಯಾಪಿಸಿತು. 2013ರಿಂದ ಹಾಲೂ ಸೇರಿತು. ಕುಷ್ಟಗಿ, ಯಲಬುರ್ಗಾಗಳಂಥ ಮಳೆಯಾಶ್ರಯದ ಭಾಗದಲ್ಲಿ ಮುಂಗಾರು ಕೈಕೊಟ್ಟ ವರ್ಷ ಈ ಅಡುಗೆಮನೆಯ ಬೆಲೆಯೆಷ್ಟೆಂಬುದನ್ನು ವರ್ಣಿಸಬೇಕಾಗಿಲ್ಲ.

ಈ ಐವರಲ್ಲದೆ ಆರನೆಯವರೊಬ್ಬರುಂಟು, ಅವರು ಪೋಷಕರು. 2009ರ ಶಿಕ್ಷಣ ಹಕ್ಕಿನ ಕಾಯಿದೆಯಂತೆ ಶಾಲೆಯ ನಿರ್ವಹಣಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ಪೋಷಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಹೆಂಗಸರೂ ಇರತಕ್ಕದ್ದು. ಅನುದಾನಿತ ಶಾಲೆಯಲ್ಲಿ ಇಂಥ ಸಮಿತಿಗೆ ಸಲಹೆ ಕೊಡುವ ಅಧಿಕಾರ ಮಾತ್ರವಿದೆ. ಸಲಹೆಗೇನು ಬೆಲೆಯೆಂದು ಕೆಲವರು ಕೇಳಬಹುದು. ಆದರೆ ಹತ್ತು ಮಂದಿ ತಾಯಂದಿರು ಕೂಡಿ ಹೋಗಿ, “ಹೆಣ್ಣುಮಕ್ಕಳ ಶೌಚಾಲಯಕ್ಕೆ ನೀರಿಲ್ಲ, ಈ ವಾರ ಏನು ಮಾಡುವಿರಿ?” ಎಂದು ಕೇಳಿದರೆ, ಆ ಸಲಹೆಯನ್ನು ತಳ್ಳಿಹಾಕುವ ಧೈರ್ಯವು ಯಾವ ಅಧ್ಯಕ್ಷರಿಗೂ ಇರಲಾರದು.

ಈ ಪರಿಚಯವೆಲ್ಲ ಏತಕ್ಕೆ ಬೇಕೆಂದರೆ, ನಮ್ಮ ಮನಸ್ಸಿನಲ್ಲಿರುವ ಮುಖ್ಯ ಮಾತು ಇನ್ನು ಮುಂದಿದೆ. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಗಂಡಸರಲ್ಲಿ ನೂರಕ್ಕೆ ಸುಮಾರು 78 ಮಂದಿ ಅಕ್ಷರಸ್ಥರಾಗಿದ್ದರು. ಹೆಂಗಸರಲ್ಲಿ ಸುಮಾರು 57. ಈ ಇಪ್ಪತ್ತೊಂದರ ಅಂತರವು ಒಂದೇ ದಿನದಲ್ಲಿ ಉಂಟಾದುದಲ್ಲ. ಅದು ಒಂದೊಂದು ಮನೆಯಲ್ಲಿ, ಒಂದೊಂದು ಹುಡುಗಿಯ ವಿಷಯದಲ್ಲಿ, “ಇನ್ನು ಸಾಕು” ಎಂಬ ಎರಡು ಮಾತಿನಿಂದ ಕೂಡಿ ಬಂದುದು. ಆ ಮಾತು ಹೆಚ್ಚಾಗಿ ಹೊರಡುವುದು ಏಳನೆಯ ತರಗತಿ ಮುಗಿದಾಗ, ಇಲ್ಲವೆ ಎಂಟನೆಯದು ಮುಗಿದಾಗ. ಊರಿನಲ್ಲಿ ಪ್ರಾಥಮಿಕ ಶಾಲೆಯಿರುವುದು; ಪ್ರೌಢಶಾಲೆ ಪಕ್ಕದ ಊರಿನಲ್ಲಿ. ಕಾಯಿದೆಯ ಕಡ್ಡಾಯವು ಹದಿನಾಲ್ಕನೆಯ ವಯಸ್ಸಿಗೆ ನಿಲ್ಲುವುದು. ಅದೇ ಕಾಲಕ್ಕೆ ತಂದೆತಾಯಿಗಳು ದುಡಿಮೆಗಾಗಿ ಗುಳೆ ಹೊರಟಿರುವರು. ಹಸುಗೂಸನ್ನು ಆಡಿಸಲು, ಅಜ್ಜಿಗೆ ರೊಟ್ಟಿ ತಟ್ಟಿಕೊಡಲು ಹುಡುಗಿ ಬೇಕಾಗುವಳು. ಗಂಡು ನೋಡುವ ಮಾತೂ ಆಗಲೇ ತೆಗೆಯುವರು. ಹದಿನೆಂಟು ತುಂಬದ ಹುಡುಗಿಯ ಮದುವೆಯು 2006ರ ಕಾಯಿದೆಯಂತೆ ಅಪರಾಧವೆಂಬುದನ್ನು ಬಲ್ಲವರೂ ಬಾಯಿಮುಚ್ಚಿಕೊಂಡಿರುವರು.

ಇಂಥ ವೇಳೆಯಲ್ಲಿ ಆ ಹುಡುಗಿಯ ಪಕ್ಷವಹಿಸಿ ಮನೆಗೆ ಬಂದು ಮಾತನಾಡಬಲ್ಲವರು ಯಾರು? ಅವಳ ಹೆಸರು ಕರೆಯುವ ಅಕ್ಕನವರು, ಹಾಜರಿ ನೋಡುವ ಮುಖ್ಯೋಪಾಧ್ಯಾಯರು, ತಂದೆಯನ್ನು ಸಂತೆಯಲ್ಲಿ ದಿನವೂ ಕಾಣುವ ಮಂಡಳಿಯ ಸದಸ್ಯರು. ಇವರಿಗೂ ಮನೆಯವರಿಗೂ ಮೊದಲೇ ಪರಿಚಯವಿದ್ದರೆ ಅವರ ಮಾತು ಹಿತವಚನವಾಗುವುದು. ಪರಿಚಯವೇ ಇಲ್ಲದಿದ್ದರೆ ಪರಕೀಯರ ಅಧಿಕಪ್ರಸಂಗವೆನಿಸುವುದು. ದಾರಿಯ ತೊಂದರೆ ಹೇಳುವವರಿಗೆ, 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯಿಂದ ಸಾರಿಗೆ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ಹಣ ಬೇಡವಾಗಿದೆಯೆಂದು ನೆನಪಿಸಬಹುದು. ಬಸ್ಸು ಶಾಲೆಯ ವೇಳೆಗೆ ಬಾರದಿದ್ದರೆ ಡಿಪೋದವರಿಗೆ ಅರ್ಜಿ ಬರೆಯುವ ಕೆಲಸವನ್ನು ಮಂಡಳಿಯು ಮೈಮೇಲೆ ಹಾಕಿಕೊಳ್ಳಲಿ. ಗುಳೆ ಹೋಗುವವರಿದ್ದರೆ ಮಗುವಿಗೆ ವಸತಿನಿಲಯದಲ್ಲಿ ಸ್ಥಳವುಂಟೇ ಎಂದು ಮುಖ್ಯೋಪಾಧ್ಯಾಯರನ್ನು ಗಂಟುಮೂಟೆ ಕಟ್ಟುವ ಮೊದಲೇ ಕೇಳಬೇಕು. ಹೊರಟು ಹೋದ ಮೇಲೆ ಕೇಳಿದರೆ ಪ್ರಯೋಜನವಿಲ್ಲ. ಹತ್ತನೆಯದರಲ್ಲಿ ಒಂದು ಸಲ ತಪ್ಪಿದವಳನ್ನು ಮನೆಯಲ್ಲಿ ಕೂಡಿಸಬೇಕಾದುದೂ ಇಲ್ಲ. 2024ರಿಂದ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿಗೆ ಅವಕಾಶವಾಗಿದೆ.

ಉಪಾಧ್ಯಾಯರಲ್ಲಿಯೂ ಮಂಡಳಿಯವರಲ್ಲಿಯೂ ನಮ್ಮದೊಂದು ಅರಿಕೆಯುಂಟು. ಶಾಲೆ ತೆರೆದ ಮೊದಲ ತಿಂಗಳಲ್ಲಿ ಒಂದು ಭಾನುವಾರ ಪೋಷಕರನ್ನು ಕರೆಯಿರಿ. ಹಾರ ತುರಾಯಿಗಳು ಬೇಡ, ದೀರ್ಘ ಭಾಷಣವೂ ಬೇಡ. ಮಂಡಳಿಯವರಿಂದ ಅಡುಗೆಯ ತಾಯಿಯವರೆಗೆ ಒಬ್ಬೊಬ್ಬರೂ ಎದ್ದು ನಿಂತು ತಮ್ಮ ಹೆಸರನ್ನೂ ಕೆಲಸವನ್ನೂ ಹೇಳಿದರೆ ಸಾಕು. ಯಾವ ಹುದ್ದೆ ಖಾಲಿಯಿದೆ, ಅದಕ್ಕೆ ಏನು ಪ್ರಯತ್ನ ನಡೆದಿದೆ ಎಂಬುದನ್ನು ಮುಚ್ಚಿಡದೆ ತಿಳಿಸಿರಿ. ಶಾಲೆ ತಮ್ಮದೆಂದು ತಿಳಿದ ಜನರು ಕೊರತೆಯನ್ನು ಕೇಳಿ ಬಯ್ಯುವುದಕ್ಕಿಂತ ಕೈಜೋಡಿಸುವುದೇ ಹೆಚ್ಚು. 2022ರಲ್ಲಿ ಗವಿಮಠದ ಅಭಿನವ ಗವಿಸಿದ್ಧೇಶ್ವರ ಸ್ವಾಮಿಗಳು ವಿದ್ಯಾರ್ಥಿಗಳಿಗಾಗಿ ದೊಡ್ಡ ವಸತಿನಿಲಯವನ್ನು ಕಟ್ಟಿಸಲು ಮುಂದಾದಾಗ ಈ ಸೀಮೆಯ ಜನರು ನೆರವಾದ ರೀತಿಯನ್ನು ಎಲ್ಲರೂ ಕಂಡಿದ್ದೇವೆ.

ಗೃಹಿಣಿಯರಲ್ಲಿ ಇನ್ನೊಂದು ಮಾತು. ಶಾಲೆಯ ಕೆಲಸವು ಗಂಡಸರದೆಂದು ನೀವು ಹಿಂದೆ ನಿಲ್ಲಬೇಡಿರಿ. ತಂದೆಯಾದವನು ಅಂಕವೆಷ್ಟೆಂದು ಕೇಳಿ ಬರುವನು. ಮಗು ಊಟ ಮಾಡಿತೇ, ಯಾರ ಪಕ್ಕದಲ್ಲಿ ಕೂಡುವುದು, ಈಚೆಗೆ ಏಕೆ ಮೌನವಾಗಿದೆ ಎಂದು ಕೇಳಬಲ್ಲವಳು ತಾಯಿ. ವರ್ಷಕ್ಕೆ ಮೂರು ಸಲವಾದರೂ ಶಾಲೆಯ ಮೆಟ್ಟಿಲು ಹತ್ತಿರಿ. ಒಂದು ಸಲ ಸೇರಿಸುವಾಗ, ಒಂದು ಸಲ ದಸರೆಯ ರಜೆಗೆ ಮುನ್ನ, ಇನ್ನೊಂದು ಸಲ ಸಂಕ್ರಾಂತಿ ಕಳೆದ ಮೇಲೆ. ಹೊಲವನ್ನಾದರೂ ನಾವು ಇದಕ್ಕಿಂತ ಹೆಚ್ಚು ಸಲ ನೋಡಿ ಬರುವುದಿಲ್ಲವೇ?