ತಂಡ ಕಟ್ಟುವ ತಾರೀಖು

ಮಳೆಗಾಲದ ನಡುವೆ, ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ, ಹೈಸ್ಕೂಲಿಗೆ ಒಂದು ಸುತ್ತೋಲೆ ಬರುತ್ತದೆ. ವಲಯ ಮಟ್ಟದ ಕ್ರೀಡಾಕೂಟ ಇಂಥ ದಿನ, ಇಂಥ ಊರಿನಲ್ಲಿ. ಆಟಗಾರರ ಪಟ್ಟಿ ಇಷ್ಟರೊಳಗೆ ತಲುಪಬೇಕು. ಡ್ರಿಲ್ ಮಾಸ್ತರ ಕೈಯಲ್ಲಿ ಉಳಿಯುವುದು ಕೆಲವೇ ದಿನ. ಅದರಲ್ಲೊಂದು ಭಾನುವಾರ, ಒಂದೆರಡು ದಿನ ಮಳೆ. ಹಾಗಾಗಿ ಎಷ್ಟೋ ಶಾಲೆಗಳಲ್ಲಿ ತಂಡ ಹುಟ್ಟುವುದು ಒಂದೇ ಸಂಜೆಯಲ್ಲಿ. ಕೊನೆಯ ಪೀರಿಯಡ್ಡಿಗೆ ಹುಡುಗರನ್ನು ಸಾಲಾಗಿ ನಿಲ್ಲಿಸುತ್ತಾರೆ, ಮೈದಾನಕ್ಕೆ ಎರಡು ಸುತ್ತು ಓಡಿಸುತ್ತಾರೆ, ಕಾಲು ಗಂಟೆ ಆಡಿಸುತ್ತಾರೆ, ಹೆಸರು ಬರೆದುಕೊಳ್ಳುತ್ತಾರೆ. ವರ್ಷವಿಡೀ ಯಾರು ಆಡಬೇಕು, ಯಾರು ಗೆರೆಯಾಚೆ ನಿಂತು ಚಪ್ಪಾಳೆ ತಟ್ಟಬೇಕು ಎಂಬುದು ಅಲ್ಲಿಗೆ ತೀರ್ಮಾನವಾದಂತೆ.

ಆ ಸಂಜೆ ಶಾಲೆಗೆ ಬಾರದಿದ್ದ ಹುಡುಗನ ಗತಿ?

ಮೈಲಾರದಂಥ ಊರಿನಲ್ಲಿ ಈ ಪ್ರಶ್ನೆ ಸಣ್ಣದಲ್ಲ. ತುಂಗಭದ್ರೆಯ ದಡದ ಈ ಊರು ಹೂವಿನ ಹಡಗಲಿ ತಾಲ್ಲೂಕಿನ ಅಂಚಿನಲ್ಲಿದೆ. ಹೊಳೆ ದಾಟಿದರೆ ಹಾವೇರಿ ಜಿಲ್ಲೆ. ಆಗಸ್ಟ್ ಎಂದರೆ ಮೆಕ್ಕೆಜೋಳದ ಹೊಲದಲ್ಲಿ ಎಡೆ ಹೊಡೆಯುವ, ಕಳೆ ತೆಗೆಯುವ ಕಾಲ. ಮನೆಯಲ್ಲಿ ಕೈ ಕಡಿಮೆ ಬಿದ್ದ ದಿನ ಒಂಬತ್ತನೇ ತರಗತಿಯ ಮಗ ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತಾನೆ. ಹಡಗಲಿ ಸುತ್ತಿನ ಮಲ್ಲಿಗೆ ತೋಟಗಳಲ್ಲಿ ಹೂವಿನ ಕಾಲ ಬಂದರೆ ಬೆಳಕು ಹರಿಯುವ ಮೊದಲೇ ಮೊಗ್ಗು ಬಿಡಿಸಬೇಕು. ಬೆಳಗಿನ ಆರು ಗಂಟೆಗೆ ಅಭ್ಯಾಸವಿಟ್ಟರೆ ಆ ಮನೆಯ ಮಕ್ಕಳು ಬರುವುದಾದರೂ ಹೇಗೆ? ಹರಪನಹಳ್ಳಿ, ಕೂಡ್ಲಿಗಿ ಕಡೆಯ ಕತೆ ಇನ್ನೊಂದು ಬಗೆಯದು. ಮಳೆ ಕೈಕೊಟ್ಟ ವರ್ಷ ಸುಗ್ಗಿಯ ನಂತರ ಕುಟುಂಬಗಳು ಬೆಂಗಳೂರಿಗೋ ಮಲೆನಾಡಿನ ಕಾಫಿ ತೋಟಗಳಿಗೋ ಗುಳೆ ಹೋಗುತ್ತವೆ. ಹಾಜರಿ ಪುಸ್ತಕದಲ್ಲಿ ಮಗುವಿನ ಹೆಸರು ಇರುತ್ತದೆ, ಮಗು ಇರುವುದಿಲ್ಲ.

ಇನ್ನು ಜಾತ್ರೆ. ಭಾರತ ಹುಣ್ಣಿಮೆ ಬಂತೆಂದರೆ ಮೈಲಾರ ಒಂದು ಊರಾಗಿ ಉಳಿಯುವುದಿಲ್ಲ, ಅದೊಂದು ಜನಸಾಗರ. ಡೆಂಕನಮರಡಿಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಕಾರ್ಣಿಕ ನುಡಿಯುವುದನ್ನು ಕೇಳಲು ನಾಡಿನ ಮೂಲೆಮೂಲೆಯಿಂದ ಲಕ್ಷಾಂತರ ಮಂದಿ ಸೇರುತ್ತಾರೆ. ಪ್ರತಿ ಮನೆಯಲ್ಲೂ ನೆಂಟರು. ಬಸ್ಸುಗಳೆಲ್ಲ ಜಾತ್ರೆಯ ಕಡೆಗೆ. ಅದು ಬೀಳುವುದು ಸಾಮಾನ್ಯವಾಗಿ ಫೆಬ್ರವರಿಯಲ್ಲಿ. ಅದರ ಬೆನ್ನಿಗೇ ಕೊಟ್ಟೂರಿನ ಗುರುಬಸವೇಶ್ವರನ ತೇರು. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾ ವಸತಿ ನಿಲಯಗಳಿಗೆ ಮಕ್ಕಳನ್ನು ಆರಿಸುವ ಪ್ರಕ್ರಿಯೆ ಶುರುವಾಗುವುದೂ ಹೆಚ್ಚಾಗಿ ವರ್ಷದ ಈ ಮೊದಲ ತಿಂಗಳುಗಳಲ್ಲೇ. ಏಳನೇ ತರಗತಿ ಮುಗಿಸಿ ಎಂಟಕ್ಕೆ ಕಾಲಿಡುವವರಿಗೆ ಕಿರಿಯರ ವಿಭಾಗ, ಹತ್ತು ಮುಗಿಸಿ ಪಿಯುಸಿಗೆ ಹೋಗುವವರಿಗೆ ಹಿರಿಯರ ವಿಭಾಗ. ಊಟ, ವಸತಿ, ತರಬೇತಿ ಸರ್ಕಾರದ್ದೇ. ಬಡವರ ಮನೆಯ ಚುರುಕು ಕಾಲಿನ ಮಗುವಿಗೆ ಇದಕ್ಕಿಂತ ದೊಡ್ಡ ಬಾಗಿಲು ಇಲ್ಲ. ಆದರೆ ಬಾಗಿಲು ತೆರೆಯುವ ದಿನ ಮಗು ಜಾತ್ರೆಯ ಅಂಗಡಿಯಲ್ಲೋ ಗುಳೆ ಹೋದ ಊರಿನಲ್ಲೋ ಇದ್ದರೆ ಇನ್ನೊಂದು ವರ್ಷ ಕಾಯಬೇಕು. ಏಳನೇ ತರಗತಿಯವನಿಗೆ ಆ ಇನ್ನೊಂದು ವರ್ಷ ಎಂಬುದೇ ಇಲ್ಲ.

ಜಿಲ್ಲೆಯ ಲೆಕ್ಕವೂ ಇದರಲ್ಲಿ ಸೇರುತ್ತದೆ. 2021ರಲ್ಲಿ ವಿಜಯನಗರ ಜಿಲ್ಲೆ ಆಗುವವರೆಗೆ ಮೈಲಾರದ ಹುಡುಗ ಜಿಲ್ಲಾ ಮಟ್ಟದ ಆಯ್ಕೆಗೆ ಬಳ್ಳಾರಿ ಸೇರಬೇಕಿತ್ತು. ಒಂಬತ್ತು ಗಂಟೆಗೆ ಮೈದಾನದಲ್ಲಿರಬೇಕೆಂದರೆ ಹಿಂದಿನ ದಿನವೇ ಹೊರಡಬೇಕು, ರಾತ್ರಿ ಎಲ್ಲಾದರೂ ತಂಗಬೇಕು. 1997ರಿಂದ ಎರಡು ದಶಕ ದಾವಣಗೆರೆಗೆ ಸೇರಿದ್ದ ಹರಪನಹಳ್ಳಿಯವರ ದಾರಿ ಆಗ ಬೇರೆಯೇ ಇತ್ತು. ಈಗ ಎಲ್ಲರಿಗೂ ಹೊಸಪೇಟೆ. ದೂರ ತಗ್ಗಿದೆ, ನಿಜ. ಆದರೂ ಊರಿನಿಂದ ಹೊರಡುವ ಮೊದಲ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳದೆ ನಿಗದಿಯಾದ ಸಮಯ ಹತ್ತಿರದ ಊರಿನವರಿಗೆ ಮಾತ್ರ ಅನುಕೂಲ. ಹೆಣ್ಣುಮಕ್ಕಳ ವಿಷಯದಲ್ಲಂತೂ ಇದೇ ಮುಖ್ಯ. ಜೊತೆಗೆ ಶಿಕ್ಷಕಿಯೊಬ್ಬರು ಬರುತ್ತಾರೆ, ಸಂಜೆಯ ಬಸ್ಸಿಗೆ ವಾಪಸು ಎಂದು ಹೇಳಿದರೆ ‘ಹೋಗಿ ಬಾರವ್ವ’ ಎನ್ನುವ ತಾಯಿ, ರಾತ್ರಿ ಉಳಿಯಬೇಕು ಎಂದ ಕೂಡಲೇ ಮೌನವಾಗುತ್ತಾಳೆ. ಆ ಹುಡುಗಿ ಆಟದಲ್ಲಿ ಸೋತವಳಲ್ಲ, ಬಸ್ಸಿನ ವೇಳೆಯಲ್ಲಿ ಸೋತವಳು.

ಇಷ್ಟಾಗಿ ಫುಟ್‌ಬಾಲ್ ಈ ಆರು ತಾಲ್ಲೂಕುಗಳ ಮನೆಯ ಆಟವೇನಲ್ಲ. ಖೋಖೋ, ಕಬಡ್ಡಿ, ವಾಲಿಬಾಲಿಗೆ ಇರುವ ಬೇರು ಅದಕ್ಕಿಲ್ಲ. ಹಾಗೆಂದು ದೂರದ ಆಟವೂ ಅಲ್ಲ: ತೋರಣಗಲ್ಲಿನ ಪಕ್ಕದ ವಿಜಯನಗರದಲ್ಲಿ 2018ರಲ್ಲಿ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಆರಂಭವಾಯಿತು, ಬೆಂಗಳೂರು ಎಫ್‌ಸಿ ಕ್ಲಬ್ಬು ಎಳೆಯರಿಗಾಗಿ ವಸತಿ ಅಕಾಡೆಮಿ ನಡೆಸಿದ್ದೂ ಅಲ್ಲಿಯೇ. ಶಾಲಾ ಮಕ್ಕಳಿಗೆ 1960ರಿಂದ ಸುಬ್ರತೋ ಕಪ್ ಇದೆ. ವಲಯ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಏರುವ ಏಣಿಯಲ್ಲಿ ಫುಟ್‌ಬಾಲಿಗೂ ಒಂದು ಮೆಟ್ಟಿಲುಂಟು. ತಂಡ ಕಟ್ಟುವ ಶಾಲೆಗಳು ಕಡಿಮೆ ಇರುವ ಕಡೆ ಆ ಏಣಿ ಏರುವುದು ಸುಲಭ ಕೂಡ.

ಆದರೆ ತಂಡ ಕಟ್ಟುವುದು ಹೇಗೆ? ಸಣ್ಣ ಶಾಲೆಗಳಲ್ಲಿ ಖೋಖೋ ಆಡುವ ಐದಾರು ಹುಡುಗರೇ ಕಬಡ್ಡಿಗೂ ಇರುತ್ತಾರೆ, ರಿಲೇ ಓಟಕ್ಕೂ ಅವರೇ, ಫುಟ್‌ಬಾಲಿಗೂ ಅವರೇ. ಶಾಲೆಗೆ ಕಪ್ಪು ಬೇಕು, ಗೆಲ್ಲುವವರು ಅವರು. ಕ್ರೀಡಾಕೂಟದ ದಿನ ಒಂದು ಕಡೆ ಖೋಖೋ ಅಂಕಣಕ್ಕೆ ಕೂಗು, ಇನ್ನೊಂದು ಕಡೆ ಫುಟ್‌ಬಾಲ್ ಪಂದ್ಯಕ್ಕೆ ಸೀಟಿ. ಮಧ್ಯಾಹ್ನದ ಹೊತ್ತಿಗೆ ಆ ಹುಡುಗರ ಕಾಲು ಎಳೆಯುತ್ತಿರುತ್ತದೆ. ಶಾಲೆ ಎರಡೂ ಕಡೆ ಸೋತು ಮನೆಗೆ ಬರುತ್ತದೆ. ಅತ್ತ ಮೂವತ್ತು ಮಕ್ಕಳು ಯಾವ ಪಟ್ಟಿಯಲ್ಲೂ ಇಲ್ಲ. ಒಬ್ಬ ವಿದ್ಯಾರ್ಥಿಗೆ ಹೆಚ್ಚೆಂದರೆ ಎರಡು ಗುಂಪು ಆಟ ಎಂದು ಶಾಲೆಯೇ ಕಟ್ಟು ಹಾಕಿಕೊಂಡರೆ ಮಾಸ್ತರು ಮಿಕ್ಕವರ ಕಡೆ ಕಣ್ಣು ಹಾಯಿಸಲೇಬೇಕಾಗುತ್ತದೆ. (ಗೋಲು ಕಾಯಲು ಮಾತ್ರ ಓಡಲಾರದ ದಪ್ಪ ಹುಡುಗನನ್ನೇ ಹುಡುಕುವ ಪದ್ಧತಿ ಎಲ್ಲಿಂದ ಬಂತೋ! ತಂಡದಲ್ಲಿ ಅತ್ಯಂತ ಚುರುಕು ಬೇಕಾದ ಜಾಗ ಅದು.)

ಆಯ್ಕೆಯ ದಿನದಷ್ಟೇ ಆಟ ಆಡಿಸುವ ಇನ್ನೊಂದು ತಾರೀಖು ಇದೆ. ಅದು ಹುಟ್ಟಿದ ದಿನ.

ಹದಿನಾಲ್ಕರೊಳಗಿನವರು, ಹದಿನೇಳರೊಳಗಿನವರು ಎಂದು ವಿಭಾಗ ಮಾಡುವಾಗ ರಾಷ್ಟ್ರೀಯ ಶಾಲಾ ಕ್ರೀಡೆಗಳಲ್ಲಿ ಕ್ಯಾಲೆಂಡರ್ ವರ್ಷವೇ ಗಡಿ. ಜನವರಿಯಲ್ಲಿ ಹುಟ್ಟಿದವನೂ ಅದೇ ವರ್ಷದ ಡಿಸೆಂಬರಿನಲ್ಲಿ ಹುಟ್ಟಿದವನೂ ಒಂದೇ ಗುಂಪು. ಹದಿಮೂರರ ವಯಸ್ಸಿನಲ್ಲಿ ಹನ್ನೊಂದು ತಿಂಗಳೆಂದರೆ ಎಷ್ಟೋ ಮಕ್ಕಳಲ್ಲಿ ಎದ್ದು ಕಾಣುವ ಎತ್ತರದ ವ್ಯತ್ಯಾಸ. ಆಯ್ಕೆ ಮಾಡುವವರ ಕಣ್ಣಿಗೆ ಬೀಳುವುದು ಎತ್ತರವೇ. ಕೆನಡಾದ ಮನಶ್ಶಾಸ್ತ್ರಜ್ಞ ರೋಜರ್ ಬಾರ್ನ್ಸ್‌ಲಿ ಎಂಬಾತ ಐಸ್ ಹಾಕಿ ಪಂದ್ಯ ನೋಡಲು ಹೋಗಿದ್ದಾಗ, ಪಂದ್ಯದ ಕಿರುಹೊತ್ತಿಗೆ ತಿರುವುತ್ತಿದ್ದ ಆತನ ಹೆಂಡತಿಗೆ ಒಂದು ವಿಚಿತ್ರ ಕಂಡಿತು: ಆಟಗಾರರಲ್ಲಿ ಬಹುಪಾಲು ಜನ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರು. 1985ರಲ್ಲಿ ಬಾರ್ನ್ಸ್‌ಲಿ ಅದನ್ನು ಲೆಕ್ಕ ಹಾಕಿ ಪ್ರಕಟಿಸಿದರು. ಅಲ್ಲಿಯೂ ಗಡಿ ಜನವರಿ 1.

ಜನವರಿಯ ಮಕ್ಕಳು ಹುಟ್ಟಿನಿಂದಲೇ ಪ್ರತಿಭಾವಂತರೋ ಏನೋ ಎಂದು ಅನುಮಾನಿಸುವವರಿಗೆ ಬೆಲ್ಜಿಯಂ ಉತ್ತರ ಕೊಟ್ಟಿತು. ಅಲ್ಲಿನ ಫುಟ್‌ಬಾಲ್ ಸಂಸ್ಥೆ 1997ರಲ್ಲಿ ವಯಸ್ಸಿನ ಗಡಿಯನ್ನು ಆಗಸ್ಟ್ 1ರಿಂದ ಜನವರಿ 1ಕ್ಕೆ ಬದಲಿಸಿತು. ಮೊದಲು ಕಿರಿಯರ ತಂಡಗಳಲ್ಲಿ ಆಗಸ್ಟ್, ಸೆಪ್ಟೆಂಬರಿನಲ್ಲಿ ಹುಟ್ಟಿದವರು ತುಂಬಿರುತ್ತಿದ್ದರು. ಗಡಿ ಸರಿದ ಮೇಲೆ ಜನವರಿ, ಫೆಬ್ರವರಿಯವರು ತುಂಬಿಕೊಂಡರು. ದೇಶ ಅದೇ, ಆಟ ಅದೇ, ಬದಲಾದದ್ದು ತಾರೀಖು ಒಂದೇ. ಅಮೆರಿಕದಲ್ಲಿ 2017ರ ಹೊತ್ತಿಗೆ ಹುಟ್ಟಿದ ವರ್ಷದ ಮೇಲೆ ತಂಡ ಕಟ್ಟುವ ಪದ್ಧತಿ ತಂದು, ಒಂದೇ ತರಗತಿಯ ಗೆಳೆಯರು ಬೇರೆ ಬೇರೆ ತಂಡಕ್ಕೆ ಹಂಚಿಹೋಗುತ್ತಾರೆಂಬ ದೂರು ಎದ್ದು, ಈಗ 2026-27ರ ಋತುವಿನಿಂದ ಮತ್ತೆ ಆಗಸ್ಟ್ 1ಕ್ಕೆ ಮರಳುವ ತೀರ್ಮಾನವಾಗಿದೆ. ದುಡ್ಡಿರುವ ದೇಶಗಳೂ ಈ ತಾರೀಖಿನ ಜೊತೆ ಇಷ್ಟು ಗುದ್ದಾಡುತ್ತಿವೆ.

ನಮ್ಮ ಹಳ್ಳಿಗಳಲ್ಲಿ ಈ ಲೆಕ್ಕಕ್ಕೆ ಮತ್ತೊಂದು ತಿರುವು. ಹುಟ್ಟಿದ ದಿನ ಬರೆದಿಡದ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಹೆಡ್ ಮಾಸ್ತರು ಜೂನ್ 1 ಎಂದು ಬರೆದುಕೊಳ್ಳುತ್ತಿದ್ದರು. ಜೂನ್ ಒಂದರಂದು ಅರ್ಧ ಕರ್ನಾಟಕಕ್ಕೇ ಹುಟ್ಟುಹಬ್ಬ ಎಂಬ ತಮಾಷೆ ಹುಟ್ಟಿದ್ದು ಹೀಗೆ. ಈಗ ಹೆರಿಗೆ ಆಸ್ಪತ್ರೆಯಲ್ಲಿ, ಜನನ ಪ್ರಮಾಣಪತ್ರ ಕೈಯಲ್ಲಿ. ಆದರೂ ಶಾಲೆಯ ದಾಖಲೆಯಲ್ಲಿ ಒಂದು ದಿನ, ಆಧಾರ್‌ನಲ್ಲಿ ಇನ್ನೊಂದು, ಪ್ರಮಾಣಪತ್ರದಲ್ಲಿ ಮತ್ತೊಂದು ಇರುವ ಮಕ್ಕಳು ಅಪರೂಪವಲ್ಲ. ಆಟದಲ್ಲಿ ಆಯ್ಕೆಯಾಗಿ, ಮೇಜಿನ ಮುಂದೆ ಬಂದಾಗ ವಾಪಸು ಕಳಿಸಿದರೆ ಆ ದುಃಖಕ್ಕೆ ಸಮಾಧಾನವಿಲ್ಲ. ಬೇಕೆಂದೇ ವಯಸ್ಸು ತಗ್ಗಿಸಿ ಬರೆಸುವ ಪೋಷಕರೂ ಇದ್ದಾರೆ. ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ಬೆಳವಣಿಗೆಯಿಂದ ವಯಸ್ಸು ಅಂದಾಜು ಮಾಡುವ ಟಿಡಬ್ಲ್ಯು3 ಎಂಬ ವಿಧಾನವನ್ನು ಕ್ರಿಕೆಟ್ ಮಂಡಳಿಯೂ ಫುಟ್‌ಬಾಲ್ ಫೆಡರೇಷನ್ನೂ ಬಳಸುತ್ತಿರುವುದು ಇಂಥವರಿಂದಲೇ. ಒಂದು ವರ್ಷ ಕದ್ದು ಪಡೆದ ಜಾಗ ಪಕ್ಕದ ಮನೆಯ ಸಣ್ಣ ಹುಡುಗನದ್ದಾಗಿತ್ತು ಎಂಬುದನ್ನು ಅವರು ಯೋಚಿಸಿದಂತಿಲ್ಲ.

ಆ ಸಣ್ಣ ಹುಡುಗನಿಗೆ ಹೇಳಬೇಕಾದ ಹೆಸರೊಂದಿದೆ: ಹ್ಯಾರಿ ಕೇನ್. ಹುಟ್ಟಿದ್ದು 1993ರ ಜುಲೈ 28. ಇಂಗ್ಲೆಂಡಿನಲ್ಲಿ ವರ್ಷದ ಲೆಕ್ಕ ಸೆಪ್ಟೆಂಬರಿನಿಂದ ಆಗಸ್ಟ್‌ವರೆಗೆ. ಅಂದರೆ ತನ್ನ ಗುಂಪಿನಲ್ಲಿ ಆತ ಬಹುತೇಕ ಎಲ್ಲರಿಗಿಂತ ಕಿರಿಯ. ಎಂಟರ ವಯಸ್ಸಿನಲ್ಲಿ ಆರ್ಸೆನಲ್ ಕ್ಲಬ್ಬಿಗೆ ಸೇರಿದವನನ್ನು ಒಂದೇ ಋತು ನೋಡಿ ಕೈಬಿಟ್ಟರು. ಹನ್ನೊಂದರಲ್ಲಿ ಟಾಟನಮ್ ಕ್ಲಬ್ಬು ಸೇರಿಸಿಕೊಂಡಿತು. 2023ರಲ್ಲಿ ಅದೇ ಹುಡುಗ ಇಂಗ್ಲೆಂಡಿನ ಪರ ಅತಿ ಹೆಚ್ಚು ಗೋಲು ಹೊಡೆದ ಆಟಗಾರನಾದ. ಕೈಬಿಟ್ಟ ಹುಡುಗರೆಲ್ಲ ಕೇನ್ ಆಗುವುದಿಲ್ಲ. ಆದರೆ ಆತನಿಗೆ ಎರಡನೆಯ ಬಾಗಿಲು ಸಿಕ್ಕಿದ್ದು ಲಂಡನ್ನಿನಲ್ಲಿ ಹತ್ತಿರದಲ್ಲೇ ಇನ್ನೊಂದು ಕ್ಲಬ್ಬು ಇದ್ದುದರಿಂದ. ಮೈಲಾರದಲ್ಲಿ ಇರುವುದು ಒಂದೇ ಬಾಗಿಲು, ಶಾಲೆಯದು. ಅದನ್ನೇ ಎರಡು ಬಾರಿ ತೆರೆಯಬೇಕು.

ಅದೇನೂ ಕಷ್ಟದ ಕೆಲಸವಲ್ಲ. ಸುತ್ತೋಲೆ ಬರುವುದಕ್ಕೆ ಕಾಯದೆ ಜೂನ್ ಕೊನೆಯಲ್ಲೇ ಮೂರು ಸಂಜೆ ಇಟ್ಟುಕೊಂಡರೆ, ಒಂದು ದಿನ ತಪ್ಪಿಸಿಕೊಂಡವನು ಇನ್ನೊಂದು ದಿನ ಸಿಗುತ್ತಾನೆ. ನೂರು ಮೀಟರ್ ಓಡಿಸಿ ಆರಿಸಿದರೆ ಓಟಗಾರರು ಸಿಗುತ್ತಾರೆ, ಫುಟ್‌ಬಾಲ್ ಆಟಗಾರರಲ್ಲ. ನಾಲ್ಕು ನಾಲ್ಕು ಜನರ ಪುಟ್ಟ ತಂಡ ಮಾಡಿ, ಸಣ್ಣ ಅಂಕಣದಲ್ಲಿ ಹತ್ತು ಹತ್ತು ನಿಮಿಷ ಆಡಿಸಿ, ತಂಡ ಬದಲಿಸಿ ಮತ್ತೆ ಆಡಿಸಬೇಕು. ಚೆಂಡು ಎಲ್ಲರ ಕಾಲಿಗೂ ಬರುತ್ತದೆ. ಯಾರು ತಲೆಯೆತ್ತಿ ನೋಡಿ ಚೆಂಡು ದಾಟಿಸುತ್ತಾನೆ, ಯಾರು ಕಣ್ಣುಮುಚ್ಚಿ ಒದೆಯುತ್ತಾನೆ ಎಂಬುದು ತಾನಾಗಿ ತಿಳಿಯುತ್ತದೆ. ಮಾಸ್ತರ ಪಕ್ಕದಲ್ಲಿ ಗಣಿತದ ಮೇಡಮ್ಮೋ ಹಳೆಯ ವಿದ್ಯಾರ್ಥಿಯೋ ಕೂತು ಬೇರೆಯಾಗಿ ಪಟ್ಟಿ ಬರೆದರೆ ಇನ್ನೂ ಒಳ್ಳೆಯದು. ಎರಡೂ ಪಟ್ಟಿಯಲ್ಲಿ ಹೊಂದದ ಹೆಸರುಗಳ ಬಗ್ಗೆಯೇ ಮಾತಾಡಬೇಕಾದದ್ದು. ಪಟ್ಟಿ ಅಂಟಿಸುವ ಮೊದಲು ಹಾಜರಿ ಪುಸ್ತಕ ತೆರೆದು ಮೂರೂ ದಿನ ಬಾರದವರು ಯಾರು ಎಂದು ನೋಡಿ, ಅವರ ಮನೆಗೊಂದು ಮಾತು ಹೇಳಿ ಕಳಿಸಲಿ.

ಪೋಷಕರ ಪಾಲಿನ ಕೆಲಸ ಕಾಗದಪತ್ರದ್ದು. ಮಗು ಆರನೇ ತರಗತಿಯಲ್ಲಿರುವಾಗಲೇ ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲಾತಿ ಮೂರನ್ನೂ ಎದುರಿಗಿಟ್ಟುಕೊಂಡು ಹೆಸರು, ಇನಿಷಿಯಲ್, ತಾರೀಖು ಒಂದೇ ಇದೆಯೇ ಎಂದು ನೋಡಬೇಕು. ತಿದ್ದುಪಡಿಗೆ ಅಲೆದಾಟ ಉಂಟು, ಅದು ಒಂದು ವಾರದಲ್ಲಿ ಮುಗಿಯುವುದಿಲ್ಲ. ವಸತಿ ನಿಲಯದ ಆಯ್ಕೆಯ ಪ್ರಕಟಣೆ ಹೊಸಪೇಟೆಯ ಇಲಾಖೆಯ ಕಚೇರಿಗೂ ಪತ್ರಿಕೆಗಳಿಗೂ ಬರುತ್ತದೆ. ಡಿಸೆಂಬರಿನಿಂದಲೇ ವಿಚಾರಿಸುತ್ತಿದ್ದರೆ ಜಾತ್ರೆಯ ಗದ್ದಲದಲ್ಲಿ ಕಳೆದುಹೋಗುವುದಿಲ್ಲ. ಗುಳೆ ಹೋಗುವವರು ಮಾಸ್ತರಿಗೆ ಫೋನ್ ನಂಬರ್ ಕೊಟ್ಟು ಹೋಗಲಿ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಮಾಸ್ತರ ಮನೆಗೆ ಜಗಳಕ್ಕೆ ಹೋಗುವ ಅಪ್ಪಂದಿರಿಗೆ ಒಂದು ಪ್ರಶ್ನೆ ಮಾತ್ರ ಕೇಳುವ ಹಕ್ಕಿದೆ: ಮುಂದಿನ ಆಯ್ಕೆ ಯಾವಾಗ?

ಅದಕ್ಕೆ ಉತ್ತರ ಸಿದ್ಧವಿರಬೇಕು. ದಸರಾ ರಜೆ ಮುಗಿದು ಶಾಲೆ ತೆರೆದ ವಾರ ಒಳ್ಳೆಯ ಹೊತ್ತು. ಮಳೆ ನಿಂತಿರುತ್ತದೆ, ಮೈದಾನ ಗಟ್ಟಿಯಾಗಿರುತ್ತದೆ, ಗುಳೆ ಇನ್ನೂ ಶುರುವಾಗಿರುವುದಿಲ್ಲ. ಆ ವರ್ಷದ ಕ್ರೀಡಾಕೂಟದ ಕೆಳಹಂತ ಮುಗಿದಿರುವುದರಿಂದ ಕಪ್ಪಿನ ಅವಸರವೂ ಇಲ್ಲ. ಹತ್ತನೇ ತರಗತಿಯವರು ಪರೀಕ್ಷೆಯ ಕಡೆ ತಿರುಗಿರುತ್ತಾರೆ. ಮುಂದಿನ ವರ್ಷದ ತಂಡವನ್ನು ಆಗಲೇ ಬರೆಯಲು ಕೂತರೆ ಎಂಟನೇ ತರಗತಿಯ ಹೆಸರುಗಳೇ ಮೊದಲು ಬರುತ್ತವೆ.