ಚಿಪ್ಪಿಗೂ ಬೇಕು ನಿದ್ದೆ

ಟಿವಿ ರಿಮೋಟಿಗೆ ಹಾಕಿದ ಸೆಲ್ ವರ್ಷಗಟ್ಟಲೆ ಬಾಳುತ್ತದೆ. ಮಗಳು ವಿಜ್ಞಾನ ಮೇಳಕ್ಕೆಂದು ಮಾಡಿದ, ಹೂಕುಂಡದ ತೇವ ಅಳೆಯುವ ಆರ್ಡುಯಿನೊ ಉಪಕರಣದ 9 ವೋಲ್ಟ್ ಬ್ಯಾಟರಿ ಮಾತ್ರ ರಾತ್ರಿ ಕಳೆಯುವುದರೊಳಗೆ ಖಾಲಿ! ಅವಳ ಕೆಲಸ ಕೆಟ್ಟಿದೆಯೆಂದು ಬೈಯಬೇಡಿ. ಕಾರಣ ಬೇರೆ ಇದೆ.

ಎರಡರಲ್ಲೂ ಇರುವುದು ಮೈಕ್ರೋಕಂಟ್ರೋಲರ್ ಎಂಬ ಪುಟ್ಟ ಚಿಪ್. ಎಚ್ಚರವಿದ್ದಾಗ ಅದು 5 ಮಿಲಿಆಂಪಿಯರ್ ಬಳಸುತ್ತದೆ ಎನ್ನಿ. 1000 ಮಿಲಿಆಂಪಿಯರ್-ಅವರ್ ಸಾಮರ್ಥ್ಯದ ಸೆಲ್ 200 ಗಂಟೆಯಲ್ಲಿ, ಅಂದರೆ ಎಂಟೇ ದಿನಗಳಲ್ಲಿ ಮುಗಿಯುತ್ತದೆ. ನಿದ್ದೆಯಲ್ಲಿ ಅದಕ್ಕೆ 1 ಮೈಕ್ರೋಆಂಪಿಯರ್, ಅಂದರೆ 5,000ದಲ್ಲಿ ಒಂದು ಪಾಲು ಸಾಕು. ಲೆಕ್ಕದ ಪ್ರಕಾರ ನೂರು ವರ್ಷಕ್ಕೂ ಹೆಚ್ಚು! ಅದಕ್ಕೆ ಮೊದಲೇ ಸೆಲ್ ತಾನಾಗಿ ಹಾಳಾಗುತ್ತದೆ, ಅಷ್ಟೆ. ರಿಮೋಟಿನ ಚಿಪ್ ಸದಾ ಮಲಗಿದ್ದು, ಗುಂಡಿ ಒತ್ತಿದಾಗ ಮಾತ್ರ ಏಳುತ್ತದೆ.

ಮಗಳ ಉಪಕರಣದಲ್ಲಿ ಚಿಪ್ಪನ್ನು ಮಲಗಿಸಿದರಷ್ಟೇ ಸಾಲದು. ಆರ್ಡುಯಿನೊ ಊನೊ ಬೋರ್ಡಿನ ಪುಟ್ಟ ದೀಪ, ವೋಲ್ಟೇಜ್ ರೆಗ್ಯುಲೇಟರ್, ಯುಎಸ್‌ಬಿ ಚಿಪ್ ಎಚ್ಚರವೇ ಇರುತ್ತವೆ. ಮನೆಮಂದಿ ಮಲಗಿದ ಮೇಲೂ ಲೈಟು, ಫ್ಯಾನು ಓಡುತ್ತಿದ್ದಂತೆ! ಯುಎಸ್‌ಬಿ ಚಿಪ್ ಇಲ್ಲದ ಪ್ರೋ ಮಿನಿಯಂಥ ಬೋರ್ಡ್ ಬಳಸಿ, ಅದರ ದೀಪವನ್ನೂ ತೆಗೆಯಬಹುದು. ಮಣ್ಣು ಗಂಟೆಗೊಮ್ಮೆ ಅಳೆದರೆ ಸಾಕು. ಸೆನ್ಸರಿಗೂ ಆಗ ಮಾತ್ರ ವಿದ್ಯುತ್ ಕೊಡಲಿ.

ಮನೆಯಲ್ಲಿ ಗಮನಿಸಿ:
• ರಿಮೋಟಿನ ಗುಂಡಿ ಒಳಗೆ ಸಿಕ್ಕಿಕೊಂಡರೆ ಚಿಪ್ ಮಲಗದೇ ಇರಬಹುದು. ಸೆಲ್ ಬೇಗ ಮುಗಿಯುತ್ತದೆ.
• ತಿಂಗಳುಗಟ್ಟಲೆ ಬಳಸದ ಆಟಿಕೆ, ಉಪಕರಣಗಳ ಸೆಲ್ ತೆಗೆದಿಡಿ. ಸೋರಿದರೆ ಒಳಭಾಗ ತುಕ್ಕು ಹಿಡಿಯುತ್ತದೆ.
• ಸೆಲ್ಲುಗಳನ್ನು ಪುಟ್ಟ ಮಕ್ಕಳ ಕೈಗೆ ಸಿಗದಂತೆ ಇಡಿ. ಬಟನ್ ಸೆಲ್ ನುಂಗಿದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.